ಅರ್ಧ ಇಂಚು ಇಳಿದ ಹೆಗಲು

ಶಿರಾಳಕೊಪ್ಪದ ಟೈಲರ್ ಚಂದ್ರಶೇಖರಪ್ಪನ ಹತ್ತಿರ ಬಟ್ಟೆ ಕೊಟ್ಟವರಿಗೆ ಚೀಟಿ ಸಿಗುವುದಿಲ್ಲ. ಕೇಳಿದರೆ ಬೈಸಿಕೊಳ್ಳಬೇಕು. ಮೂವತ್ತು ವರ್ಷದಲ್ಲಿ ಒಬ್ಬರ ರವಿಕೆ ಇನ್ನೊಬ್ಬರ ಕೈಗೆ ಹೋದದ್ದಿಲ್ಲ. ಮುಖ ನೋಡಿದರೆ ಸಾಕು, ಯಾವ ಬಟ್ಟೆ, ಕುತ್ತಿಗೆ ಎಷ್ಟು ಆಳ, ಎಲ್ಲ ಅವನಿಗೆ ನೆನಪಾಗುತ್ತದೆ. ಓದಿದ್ದು ನಾಲ್ಕನೇ ಕ್ಲಾಸು. ಟೇಪಿನ ಗೆರೆ ಮಾತ್ರ ಯಾವತ್ತೂ ತಪ್ಪಿಲ್ಲ.

ಹೋದ ವಾರ ಸಂತೆಯ ದಿನ ನಾಗವೇಣಿ ಬಂದಳೆಂದು ಅವನು ತಿಳಿದ. ಶಿಕಾರಿಪುರದ ಕಡೆಯ ಹಳ್ಳಿಯಿಂದ ಸಂತೆಗೆ ತರಕಾರಿ ತರುವ ನಾಗವೇಣಿ ಹದಿನಾಲ್ಕು ವರ್ಷದಿಂದ ಅವನ ಗಿರಾಕಿ. ಅವಳ ಅಳತೆ ರವಿಕೆ ಅಂಗಡಿಯ ಮೊಳೆಯಲ್ಲೇ ತೂಗುತ್ತಿರುತ್ತದೆ. ಬಂದವಳು ಹಸಿರು ರೇಷ್ಮೆಯ ತುಂಡು ಕೊಟ್ಟು, ಚೀಲದಿಂದ ಇನ್ನೊಂದು ಅಳತೆ ರವಿಕೆ ತೆಗೆಯಹೋದಳು. ಅದೆಲ್ಲ ಬೇಡ, ನಿಮ್ಮ ಅಳತೆ ನನ್ನ ಹತ್ತಿರವೇ ಇದೆ, ಹೋಗಿ ಎಂದು ಗದರಿಸಿ ಕಳಿಸಿದ. ಆಕೆ ಕಣ್ಣು ಪಿಳಿಪಿಳಿ ಬಿಡುತ್ತ ಹೋದಳು.

ಈ ಸಂತೆಗೆ ಬಂದು ಪರದೆಯ ಹಿಂದೆ ತೊಟ್ಟು ನೋಡಿದಳು. ಮೈಯಲ್ಲೇ ಬೆಳೆದಂತೆ ಕೂತಿತ್ತು.

“ಅಳತೇನೇ ತಗೊಳ್ಳದೆ ಹ್ಯಾಗೆ ಹೊಲಿದ್ರಿ ಮಾರಾಯ್ರೆ?”

“ಹದಿನಾಲ್ಕು ವರ್ಷ ಹೊಲ್ದೀನಿ. ಇನ್ನೇನ್ ಅಳೀಲಿ ನಾಗವೇಣಕ್ಕಾ?”

“ನಾನು ವನಜಮ್ಮ. ಸೊರಬದವಳು. ನಿಮ್ಮಂಗಡಿ ಮೆಟ್ಲು ಹತ್ತಿದ್ದೇ ಹೋದ ವಾರ.”

ಚಂದ್ರಶೇಖರಪ್ಪನ ಸಿಟ್ಟು ನೆತ್ತಿಗೇರಿತು. ತಮಾಷೆಗೆ ನಾನೇ ಸಿಕ್ಕಿದೆನಾ ಎಂದು ಕೂಗಾಡಿದ. ಆಕೆ ಚೀಲದಿಂದ ತನ್ನ ಅಳತೆ ರವಿಕೆ ತೆಗೆದು ಮೇಜಿನ ಮೇಲಿಟ್ಟಳು. ಸೊರಬದಲ್ಲಿ ಯಾರೋ ಹೊಲಿದದ್ದು, ಒರಟು ಕೈ. ಅವನು ಹಟಕ್ಕೆ ಮೊಳೆಯಲ್ಲಿದ್ದುದನ್ನು ಎಳೆದು ಅದರ ಮೇಲೆ ಹಾಸಿದ. ಎದೆ, ಸೊಂಟ, ತೋಳು, ಒಂದು ನೂಲೂ ಆಚೀಚೆ ಇಲ್ಲ. ಅದಿರಲಿ, ಒಂದೇ ಅಳತೆಯವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ನಾಗವೇಣಿಯ ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ. ಸೊರಬದ ಆ ಟೈಲರೂ ಎಡಗಡೆ ಅರ್ಧ ಇಂಚೇ ಇಳಿಸಿ ಕತ್ತರಿಸಿದ್ದ.

ತವರು ಯಾವುದೆಂದು ಚಂದ್ರಶೇಖರಪ್ಪ ಮೆತ್ತಗೆ ಕೇಳಿದ. ಸಾಕಿದ ತಾಯಿ ಹೋದ ವರ್ಷ ಸಾಯುವ ಮುಂಚೆ, ನೀನು ನನ್ನ ಹೊಟ್ಟೆಯವಳಲ್ಲ, ಶಿಕಾರಿಪುರದ ಕಡೆಯಿಂದ ಹಸುಗೂಸಾಗಿ ತಂದದ್ದು ಎಂದಿದ್ದಳಂತೆ. ಯಾರ ಮನೆ ಎಂದು ಹೇಳುವಷ್ಟರಲ್ಲಿ ಮಾತು ನಿಂತಿತ್ತು.

“ಮಗಳ ನಿಶ್ಚಿತಾರ್ಥ ಬಂತು. ನನ್ನ ಕಡೆಯವರು ಅಂತ ಕೂರಕ್ಕೆ ಒಬ್ರೂ ಇಲ್ಲ ನೋಡಿ.”

ತನ್ನ ಜೊತೆ ಹುಟ್ಟಿದ ಮಗು ಮೂರೇ ದಿನಕ್ಕೆ ತೀರಿಕೊಂಡಿತಂತೆ ಎಂದು ನಾಗವೇಣಿ ಒಮ್ಮೆ ಹೇಳಿದ್ದು ಅವನಿಗೆ ನೆನಪಾಯಿತು. ಹೇಳಿಬಿಡಲು ಧೈರ್ಯ ಬರಲಿಲ್ಲ. ಸುಳ್ಳಾದರೆ? ನಾಗವೇಣಿಗೆ ಫೋನ್ ಮಾಡಿದರೆ ಸಂತೆಯ ಗದ್ದಲದಲ್ಲಿ ಎತ್ತಲಿಲ್ಲ. ಎದ್ದು ಹೋದರೆ ಇವಳೂ ಹೋಗಿಬಿಡುತ್ತಾಳೆ. ಸೊರಬದ ಬಸ್ಸಿಗೆ ಇನ್ನು ಅರ್ಧ ಗಂಟೆ; ತರಕಾರಿ ಮುಗಿಸಿ ನಾಗವೇಣಿ ಅಂಗಡಿಯ ಮುಂದೆ ಹಾದು ಹೋಗುವುದೂ ಅದೇ ಹೊತ್ತಿಗೆ.

ಹುಕ್ಕು ಸಡಿಲ ಇದೆ, ಬಿಚ್ಚಿ ಕೊಡಿ ಎಂದ. ಗಟ್ಟಿಯಾಗಿದ್ದ ಆರು ಹುಕ್ಕನ್ನೂ ಕಿತ್ತು ಒಂದೊಂದಾಗಿ ಹೊಲಿಯತೊಡಗಿದ. ಸೂಜಿಗೆ ದಾರ ಪೋಣಿಸಲು ಐದು ನಿಮಿಷ ತೆಗೆದುಕೊಂಡ. ವನಜಮ್ಮ ಗಡಿಯಾರ ನೋಡಿದಳು, ಎದ್ದಳು, ಬಸ್ಸು ತಪ್ಪುತ್ತದೆ ಎಂದು ಗೊಣಗಿದಳು. ಅವನು ತಲೆ ಎತ್ತಲಿಲ್ಲ. ಐದನೇ ಹುಕ್ಕಿಗೆ ಬಂದಾಗ ಬಾಗಿಲಲ್ಲಿ ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು, ಫೋನ್ ಮಾಡಿದ್ರಾ ಎನ್ನುತ್ತ ನಾಗವೇಣಿ ನಿಂತಿದ್ದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಕೈಯೂ ಒಟ್ಟಿಗೆ ಎಡ ಹೆಗಲಿಗೆ ಹೋಗಿ, ಜಾರಿದ ಸೆರಗನ್ನು ಮೇಲಕ್ಕೆಳೆಯಿತು. ನಾಗವೇಣಿ ಬುಟ್ಟಿ ಕೆಳಗಿಟ್ಟು, ಹತ್ತಿರ ಬಂದು ಆ ಹೆಗಲನ್ನು ಮುಟ್ಟಿದಳು.

“ನಿಂಗೂ ಸೆರಗು ಇಲ್ಲಿ ನಿಲ್ಲಲ್ವಾ?”

ಸೊರಬದ ಬಸ್ಸು ಹಾರ್ನ್ ಹೊಡೆದು ಹೋಯಿತು. ನಿಶ್ಚಿತಾರ್ಥ ಯಾವ ದಿನ ಎಂದು ಒಬ್ಬಳು ಕೇಳುತ್ತಿದ್ದಳು, ಇನ್ನೊಬ್ಬಳು ಅಳುತ್ತಿದ್ದಳು. ಸೀರೆಯ ಬಣ್ಣ ನೋಡಿದ್ದರೆ ಯಾರು ಯಾರೆಂದು ತಿಳಿಯುತ್ತಿತ್ತು. ಚಂದ್ರಶೇಖರಪ್ಪನ ಕಣ್ಣು ಮಂಜಾಗಿತ್ತು. ಹಸಿರು ರವಿಕೆ ಹಿಡಿದು, ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಕೇಳಿದ:

“ಇದು ಯಾರದ್ರೀ?”