ಮಾವನ ಜೊತೆ ಸ್ವಿಟ್ಜರ್ಲೆಂಡಿಗೆ

ನಮ್ಮದು ಚಿಕ್ಕನಾಯಕನಹಳ್ಳಿ. ಮನೆ ಹಿಂದಿನ ಶೀಟಿನ ಕೋಣೆಯಲ್ಲಿ ನಾನು ಕೊಬ್ಬರಿ ಮಿಠಾಯಿ, ಚಕ್ಕುಲಿ, ನಿಪ್ಪಟ್ಟು ಮಾಡಿಸಿ ತಿಪಟೂರು, ತುರುವೇಕೆರೆಯ ಅಂಗಡಿಗಳಿಗೆ ಕಳಿಸುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಒಂದೇ ಬಾಣಲೆ ಇಟ್ಟುಕೊಂಡು ಶುರು ಮಾಡಿದ್ದು, ಈಗ ನಾಲ್ಕಾರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಇಷ್ಟು ವರ್ಷ ಎಣ್ಣೆಯ ಕಾವಿನ ಮುಂದೆ ನಿಂತವಳಿಗೆ ಹಿಮ ನೋಡುವ ಆಸೆ ಹುಟ್ಟಿದ್ದರಲ್ಲಿ ದೊಡ್ಡ ವಿಚಿತ್ರವೇನಿಲ್ಲ. ಮನೆ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸೋಣ ಅಂತ ಎತ್ತಿಟ್ಟಿದ್ದ ನನ್ನ ದುಡಿಮೆಯ ಹಣ ಇತ್ತು. ಅದನ್ನು ಮುಟ್ಟಲು ನಾನು ಹೆಚ್ಚು ಯೋಚನೆ ಮಾಡಲಿಲ್ಲ.

ಯಜಮಾನರು ತೋಟ ನೋಡಿಕೊಳ್ಳುವವರು. "ಹೋಗೋದೇ ಆದ್ರೆ ಸರಿಯಾದ ಕಡೇಗೇ ಹೋಗೋಣ" ಅಂದರು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಅವಳಿಗೆ ಪರೀಕ್ಷೆ. ಆಗ ನನ್ನ ಬಾಯಿಂದ ತಾನಾಗಿ ಬಂತು, "ಮಾವನನ್ನೂ ಕರ್ಕೊಂಡು ಹೋಗೋಣ."

ಮಾವ ಅಂದರೆ ಯಜಮಾನರ ತಂದೆ. ಎಪ್ಪತ್ತು ದಾಟಿದೆ. ಬೋರನಕಣಿವೆಯ ಕೆರೆಯಲ್ಲಿ ನೀರಾವರಿ ಇಲಾಖೆಯವರ ಕೆಳಗೆ ತೂಬಿನ ಗೇಟು ನೋಡಿಕೊಂಡು, ನಾಲೆಗೆ ನೀರು ಬಿಡುವುದು ನಿಲ್ಲಿಸುವುದು ಮಾಡಿ ನಿವೃತ್ತಿಯಾದವರು. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸೊಸೆಯಾಗಿ ಬಂದಾಗಿನಿಂದ ನಾನೂ ಅವರೂ ಒಂದೇ ಸೂರಿನ ಕೆಳಗಿದ್ದರೂ ನಮ್ಮಿಬ್ಬರ ಮಧ್ಯೆ ಮಾತು ಅಂತ ನಡೆದದ್ದು ಬಹಳ ಕಡಿಮೆ. ಊಟಕ್ಕೆ ಬನ್ನಿ ಮಾವ ಅಂದರೆ ಬರುತ್ತಿದ್ದರು, ಇನ್ನೊಂಚೂರು ಹಾಕಲಾ ಅಂದರೆ ಕೈ ಅಡ್ಡ ಇಡುತ್ತಿದ್ದರು. ಅಷ್ಟೇ. ಆದರೆ ಒಂದು ಸಲ ಟಿವಿಯಲ್ಲಿ ಹಿಮದ ಬೆಟ್ಟ ತೋರಿಸುವಾಗ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡದ್ದನ್ನು ನೋಡಿದ್ದೆ. "ಇಷ್ಟೊಂದು ನೀರು ಮೇಲೇ ಕೂತೈತಲ್ಲ, ಗೇಟಿಲ್ಲ ಏನಿಲ್ಲ" ಅಂತ ತಮಗೆ ತಾವೇ ಹೇಳಿಕೊಂಡಿದ್ದರು.

ಸುದ್ದಿ ತುರುವೇಕೆರೆಯಲ್ಲಿರುವ ನಾದಿನಿಗೆ ತಲುಪಿದ ದಿನವೇ ಫೋನು ಬಂತು. "ಅಲ್ಲ ಅತ್ತಿಗೆ, ಊಟಿ ಇಲ್ವಾ, ಕೊಡೈಕೆನಾಲ್ ಇಲ್ವಾ? ಅಲ್ಲಿ ಒಂದು ಲೋಟ ಕಾಫಿ ಕುಡಿಯೋ ದುಡ್ಡಲ್ಲಿ ಇಲ್ಲಿ ಮನೆಮಂದಿಯೆಲ್ಲ ಊಟ ಮಾಡಬೌದಂತೆ. ಬೆಟ್ಟ ಅಂದ್ಮೇಲೆ ಬೆಟ್ಟವೇ ಅಲ್ವಾ?"

"ಸೀರೆ ಅಂದ್ಮೇಲೆ ಸೀರೆಯೇ ಕಣೇ, ಮದುವೆಗೆ ಯಾಕೆ ರೇಷ್ಮೇದು ತಗೋತೀಯ?" ಅಂದೆ. ಅವಳು ನಕ್ಕಳು, ಒಪ್ಪಲಿಲ್ಲ.

ವೀಸಾ ಬಂತು, ಟೂರಿನವರಿಗೆ ಹಣ ಪೂರ್ತಿ ಕಟ್ಟಿಯಾಯಿತು. ಹೊರಡುವುದಕ್ಕೆ ಕೆಲವೇ ದಿನ ಇರುವಾಗ ಯಜಮಾನರು ತೋಟದಲ್ಲಿ ಬಿದ್ದ ತೆಂಗಿನ ಸೋಗೆಯ ಮೇಲೆ ಕಾಲಿಟ್ಟು ಜಾರಿ, ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡರು. ತಿಪಟೂರಿನ ಆಸ್ಪತ್ರೆಯಲ್ಲಿ ಸಿಮೆಂಟು ಪಟ್ಟಿ ಹಾಕಿಸಿಕೊಂಡು ಮಂಚದ ಮೇಲೆ ಮಲಗಿದ್ದವರ ಪಕ್ಕ ಕೂತು ನಾನು ಟೂರಿನವರಿಗೆ ಫೋನು ಮಾಡಿದೆ. ಈಗ ನಿಲ್ಲಿಸಿದರೆ ಬಿಡಿಕಾಸೂ ವಾಪಸ್ಸು ಬರುವುದಿಲ್ಲ ಅಂದರು.

"ನೀವಿಬ್ರೂ ಹೋಗಿ ಬನ್ನಿ" ಅಂದರು ಯಜಮಾನರು. "ನನ್ನ ತಂಗಿ ಬಂದು ನೋಡ್ಕೋತಾಳೆ."

ನಾನು ಮಾವನ ಮುಖ ನೋಡಿದೆ, ಮಾವ ಕಿಟಕಿಯ ಕಡೆ ನೋಡಿದರು. ಬೇಡ ಅಂತ ಅವರೇ ಹೇಳಿಬಿಡಲಿ ಅಂತ ನಾನು, ನಾನೇ ಹೇಳಲಿ ಅಂತ ಅವರು ಕಾಯುತ್ತಿದ್ದೆವು ಅನ್ನಿಸುತ್ತದೆ. ಇಬ್ಬರೂ ಹೇಳಲಿಲ್ಲ. ಹಾಗಾಗಿ ಹೋದೆವು.

ನಮ್ಮ ಗುಂಪಿನಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಯ ಜನ ಇದ್ದರು. ಟೂರಿನವರು ನನಗೆ ಹುಬ್ಬಳ್ಳಿಯ ಒಬ್ಬ ಟೀಚರ ಜೊತೆ ರೂಮು ಕೊಟ್ಟರು, ಮಾವನಿಗೆ ದಾವಣಗೆರೆಯ ಒಬ್ಬ ಬಟ್ಟೆ ವ್ಯಾಪಾರಿಯ ಜೊತೆ. ಆ ಊರನ್ನು ನಾನು ವರ್ಣಿಸಲು ಹೋಗುವುದಿಲ್ಲ. ಚಿತ್ರದಲ್ಲಿ ಇರುವ ಹಾಗೆಯೇ ಇದೆ. ಚಿತ್ರದಲ್ಲಿ ಸಿಗದ್ದು ಗಾಳಿ. ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ನಿಂತರೆ ಎದೆಯೊಳಕ್ಕೆ ತಣ್ಣನೆಯ ನೀರು ಇಳಿದ ಹಾಗಾಗುತ್ತಿತ್ತು. ನನ್ನ ಮೂಗಿನಲ್ಲಿ ವರ್ಷಗಟ್ಟಲೆ ಕೂತಿದ್ದ ಎಣ್ಣೆಯ ವಾಸನೆ ಮೊದಲ ದಿನವೇ ಹೋಯಿತು.

ಮಾವ ಮಾತ್ರ ಬೇರೆಯದೇ ಒಂದು ಕಷ್ಟದಲ್ಲಿದ್ದರು. ಬೆಳಗಿನ ತಿಂಡಿ, ರಾತ್ರಿಯ ಊಟ ಟೂರಿನವರದು, ಮಧ್ಯಾಹ್ನದ್ದು ನಮ್ಮದು. ಮೊದಲ ಮಧ್ಯಾಹ್ನ ನಾನು ಕಾಫಿ, ಬ್ರೆಡ್ಡು ತಂದಾಗ ಎಷ್ಟಾಯ್ತಮ್ಮ ಅಂತ ಕೇಳಿದರು. ಹೇಳಿದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೊನೆಯ ಹನಿಯವರೆಗೆ ಕುಡಿದರು. ಮಾರನೆಯ ದಿನದಿಂದ ಮಧ್ಯಾಹ್ನ ಆದ ಕೂಡಲೇ "ನಂಗೆ ಹಸಿವಿಲ್ಲ ಕಣಮ್ಮ, ಬೆಳಿಗ್ಗೇದೇ ಹೊಟ್ಟೇಲೈತೆ" ಅನ್ನತೊಡಗಿದರು.

ಒಂದು ಹಳ್ಳಿಯಲ್ಲಿ ಬೀದಿ ಬದಿಗೆ ಮರದ ತೊಟ್ಟಿ ಇತ್ತು. ಅದಕ್ಕೆ ಕೊಳವೆಯಿಂದ ನೀರು ಒಂದೇ ಸಮ ಬೀಳುತ್ತಿತ್ತು. ಮಾವ ಅದರ ಮುಂದೆ ನಿಂತು ಕೊಳವೆಯ ಮೇಲೆ ಕೆಳಗೆ ಕೈಯಾಡಿಸಿದರು, ತೊಟ್ಟಿಯ ಹಿಂದೆ ಹೋಗಿ ಬಗ್ಗಿ ನೋಡಿದರು.

"ಏನು ಹುಡುಕ್ತಾ ಇದ್ದೀರ ಮಾವ?"

"ಯಾರೋ ಹಂಗೇ ಬುಟ್ಟು ಹೋಗವ್ರೆ. ನಿಲ್ಸೋದು ಎಲ್ಲೈತೆ ಅಂತ."

ನಿಲ್ಲಿಸುವುದೇ ಇಲ್ಲ, ವರ್ಷವೆಲ್ಲ ಹೀಗೇ ಹರಿಯುತ್ತದೆ, ಕುಡಿಯಬಹುದು, ಯಾರಿಗೂ ಕಾಸು ಕೊಡಬೇಕಾಗಿಲ್ಲ ಅಂತ ನಮ್ಮ ಗೈಡ್ ಹೇಳಿದ. ಮಾವ ಬಾಟಲಿ ತುಂಬಿಸಿಕೊಂಡು, ಅಲ್ಲೇ ಖಾಲಿ ಮಾಡಿ, ಮತ್ತೆ ತುಂಬಿಸಿಕೊಂಡರು. ಆಗ ನನಗೆ ಅನುಮಾನ ಬಂತು. ಸಂಜೆ ದಾವಣಗೆರೆಯವರನ್ನು ಕೇಳಿದೆ. "ನಿಮ್ಮ ಮಾವನೋರು ರೂಮಿಗೆ ಬಂದ ತಕ್ಷಣ ನೀವು ಕಟ್ಟಿಕೊಂಡು ಬಂದ ಚಕ್ಕುಲಿ ತಿಂತಾರ್ರೀ. ಪಾಪ, ಭಾಳ ಹಸಿದಿರ್ತಾರ" ಅಂದರು.

ನನಗೆ ಸಿಟ್ಟು ಬಂತು. ಮಾರನೆಯ ಮಧ್ಯಾಹ್ನ ಒಂದು ಹೋಟೆಲಿನ ಹೊರಗಿನ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಹಸಿವಿಲ್ಲ ಅಂತ ಶುರು ಮಾಡಿದರು.

"ಮಾವ, ಸುಳ್ಳು ಹೇಳ್ಬೇಡಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಬಂದಾಗಿದೆ. ದುಬಾರಿ ಅಂತ ಗೊತ್ತಿದ್ದೇ ಬಂದಿದ್ದೀವಿ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಬೆಟ್ಟ ನೋಡೋದಾದ್ರೆ ಕಟ್ಟಿದ ಹಣವೆಲ್ಲ ದಂಡ. ಇದು ನಾನು ದುಡಿದದ್ದು. ನಿಮಗೆ ಅಂತ್ಲೇ ಖರ್ಚು ಮಾಡ್ತಾ ಇದ್ದೀನಿ. ನೀವು ಉಣ್ಣದಿದ್ರೆ ನಾನೂ ಉಣ್ಣಲ್ಲ."

ಅವರು ನನ್ನನ್ನು ನೋಡಿದರು. ಬೈಸಿಕೊಂಡವರ ಹಾಗೆ ಕಾಣಲಿಲ್ಲ. "ಆಯ್ತು ಕಣಮ್ಮ, ತರ್ಸು" ಅಂದರು. ಆಲೂಗಡ್ಡೆ ಹುರಿದು ಚೀಸು ಹಾಕಿದ್ದು ಬಂತು. ಪೂರ್ತಿ ತಿಂದು, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ, "ಒಂಚೂರು ಕಾರ ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂದರು. ಆಮೇಲೆ ಬೆಲೆ ಕೇಳುವುದನ್ನು ಬಿಟ್ಟರು.

ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದದ್ದು ಬೆಟ್ಟದ ತುದಿಗೆ ಹೋಗುವ ರೈಲು. ಬೆಟ್ಟದ ಹೊಟ್ಟೆಯನ್ನು ಕೊರೆದು ಹಳಿ ಹಾಕಿದ್ದಾರೆ. ಮೇಲೆ ಹೋಗಿ ನೋಡಿದರೆ ಬರೀ ಮೋಡ. ಶಿಖರವಿಲ್ಲ, ಕಣಿವೆಯಿಲ್ಲ, ಕಂಬಿಗೆ ಆತುಕೊಂಡು ನಿಂತ ಮನುಷ್ಯರೂ ಅರ್ಧ ಮಾತ್ರ ಕಾಣುತ್ತಿದ್ದರು. ನಮ್ಮವರಲ್ಲಿ ಒಬ್ಬರು ಗೈಡಿನ ಜೊತೆ ಜಗಳಕ್ಕೇ ಇಳಿದರು. ನನಗೂ ಅಳು ಬರುವಂತಾಗಿತ್ತು, ಸುಳ್ಳು ಹೇಳುವುದಿಲ್ಲ. ಇದೇ ದಿನಕ್ಕಾಗಿ ಅಲ್ಲವೇ ನಾನು ಅಷ್ಟು ದೂರ ಬಂದದ್ದು? ಮಾವ ನೆಲದಿಂದ ಒಂದು ಹಿಡಿ ಹಿಮ ತೆಗೆದು, ಕರಗುವವರೆಗೆ ಅಂಗೈಯಲ್ಲೇ ಇಟ್ಟುಕೊಂಡು, ಕೈಯನ್ನು ಸ್ವೆಟರಿಗೆ ಒರೆಸಿಕೊಂಡರು. "ಮೋಡ ನಮ್ಮ ಮಾತು ಕೇಳ್ತದಾ? ನಮ್ಮೂರಲ್ಲಿ ಕರೆದ್ರೆ ಬರಲ್ಲ, ಇಲ್ಲಿ ಹೋಗು ಅಂದ್ರೆ ಹೋಗಲ್ಲ" ಅಂದರು. ಜಗಳಕ್ಕೆ ನಿಂತವರೂ ನಕ್ಕರು.

ಕೊನೆಗೆ ಒಂದು ದಿನ ಬಿಡುವಿತ್ತು. ಉಳಿದವರು ಗಡಿಯಾರ, ಚಾಕೊಲೇಟು ಕೊಳ್ಳಲು ಪೇಟೆಗೆ ಹೊರಟರು. ನಾನು ಗೈಡನ್ನು ಕೇಳಿದೆ, ಮೋಡ ಇಲ್ಲದ ಕಡೆ ಹತ್ತಿರದಿಂದ ಹಿಮದ ಗಡ್ಡೆ ನೋಡುವ ಜಾಗ ಇದೆಯಾ ಅಂತ. ಬೆಟ್ಟದ ದಾರಿಯಲ್ಲಿ ಒಂದು ಹಿಮನದಿ ಇದೆ, ಹಳದಿ ಬಸ್ಸು ಹತ್ತಿರದವರೆಗೂ ಹೋಗುತ್ತದೆ ಅಂದ, ಇಳಿಯುವ ಜಾಗದ ಹೆಸರು ಬರೆದುಕೊಟ್ಟ. ಭಾಷೆ ಬಾರದ ಊರಲ್ಲಿ ನಾವಿಬ್ಬರೇ ಹೊರಟೆವು. ನನಗೆ ಹೆದರಿಕೆ ಆಗಲಿಲ್ಲ. ಬಸ್ಸು ತಿರುವುಗಳಲ್ಲಿ ವಾಲುವಾಗಲೆಲ್ಲ ಮಾವ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೆಳಗಿನ ಹೊಳೆಯನ್ನೇ ನೋಡುತ್ತಿದ್ದರು.

ಬಿಸಿಲು ಚೆನ್ನಾಗಿತ್ತು. ಬಸ್ಸಿಳಿದು ಸ್ವಲ್ಪ ದೂರ ಕಲ್ಲಿನ ದಾರಿಯಲ್ಲಿ ನಡೆದೆವು. ಹಿಮನದಿ ಕಣ್ಣಿಗೆ ಬಿದ್ದಾಗ ನಾನು ನಿಂತುಬಿಟ್ಟೆ. ಒಂದು ಕಡೆ ನೀಲಿ ಛಾಯೆಯ ಗಡ್ಡೆ ಬೆಟ್ಟದ ಮೇಲಿಂದ ಇಳಿದು ಬಂದಿದೆ. ನಮಗೆ ಹತ್ತಿರದ ಅಂಚಿನಲ್ಲಿ ಮಾತ್ರ ದೊಡ್ಡ ದೊಡ್ಡ ಬಿಳಿ ಬಟ್ಟೆಗಳನ್ನು ಹೊದಿಸಿದ್ದಾರೆ. ಹಾಸಿಗೆಯ ಮೇಲೆ ಹೊದಿಕೆ ಎಳೆದ ಹಾಗೆ, ಅಲ್ಲಲ್ಲಿ ಹರಿದು, ಕೊಳೆಯಾಗಿ ಬಿದ್ದಿವೆ. ಅದರಡಿಯಿಂದ ನೀರು ತೊಟ್ಟಿಕ್ಕುವ ಸದ್ದು.

"ಇದ್ಯಾಕಮ್ಮ, ಗಡ್ಡೆಗೆ ಕಂಬಳಿ ಹೊದಿಸವ್ರೆ?"

ಅಲ್ಲಿದ್ದ ಫಲಕದ ಇಂಗ್ಲಿಷ್ ಸಾಲುಗಳನ್ನು ಓದಿ, ತಿಳಿದಷ್ಟು ಹೇಳಿದೆ. ಬಿಸಿಲು ಹೆಚ್ಚಾಗಿ ಗಡ್ಡೆ ವರ್ಷ ವರ್ಷ ಹಿಂದಕ್ಕೆ ಸರಿಯುತ್ತಿದೆ, ಕರಗುವುದು ಸ್ವಲ್ಪ ನಿಧಾನವಾಗಲಿ ಅಂತ ಬೇಸಿಗೆಯಲ್ಲಿ ಹೀಗೆ ಮುಚ್ಚುತ್ತಾರೆ.

"ನಿಲ್ತದಾ ಇದ್ರಿಂದ?"

"ನಿಲ್ಲಲ್ಲ ಮಾವ. ಒಂಚೂರು ತಡ ಆಗುತ್ತೆ ಅಷ್ಟೆ."

ಮಾವ ಒಂದು ಬಂಡೆಯ ಮೇಲೆ ಕೂತರು. ನಾನೂ ಕೂತೆ. ಆಮೇಲೆ ಅವರು ಹಿಮದ ಕಡೆಯೇ ನೋಡುತ್ತಾ ಹೇಳಿದರು:

"ಒಂದ್ ಬ್ಯಾಸಿಗೇಲಿ ನಮ್ಮ ಕೆರೆ ತಳ ಕಾಣಂಗಾಯ್ತು. ಗೇಟು ಇಳ್ಸಿ ನಾಲೆ ನೀರು ನಿಲ್ಸು ಅಂತ ಮೇಲಿನೋರು ಹೇಳಿದ್ರು. ಕೆಳಗಿನೂರೋರು ಬಂದು, ಇನ್ನೊಂದು ವಾರ ಬುಡಪ್ಪ, ಗಿಡ ಉಳೀಲಿ ಅಂತ ಕೈ ಮುಗುದ್ರು. ಅವರಲ್ಲಿ ನಿಮ್ಮತ್ತೆ ತವರಿನೋರೂ ಇದ್ರು. ನಾನು ಇಳಿಸ್ದೆ."

"ಅತ್ತೆ ಏನಂದ್ರು?"

"ಏನೂ ಅನ್ನಲಿಲ್ಲ. ಆ ವರ್ಷ ತವರಿಗೆ ಒಬ್ಬಳೇ ಹೋಗಿ ಬಂದ್ಲು. ನನ್ನ ಕರೀಲಿಲ್ಲ."

"ಇಳಿಸಬಾರದಿತ್ತು ಅನ್ಸುತ್ತಾ ಮಾವ?"

"ಇಲ್ಲ ಕಣಮ್ಮ. ನೀರು ಬುಟ್ಟಿದ್ರೆ ದನಕರುಗೆ ಕುಡಿಯೋಕೂ ಇರ್ತಿರಲಿಲ್ಲ. ಆದ್ರೆ ಇಳ್ಸೋನು ನಾನೇ ಆಗ್ಬೇಕಾಗಿತ್ತಲ್ಲ. ಅದೇ ಸಂಕಟ." ಬಿಳಿ ಬಟ್ಟೆಯ ಕಡೆ ಕೈ ತೋರಿಸಿದರು. "ಈ ಬಟ್ಟೆ ಹೊದಿಸೋನು ಇರ್ತಾನಲ್ಲ, ಅವನಿಗೂ ಗೊತ್ತಿರ್ತದೆ ನಿಲ್ಲಲ್ಲ ಅಂತ. ಆದ್ರೂ ಬತ್ತಾನೆ, ಹೊದಿಸ್ತಾನೆ."

ನಾನು ಬ್ಯಾಗಿನಿಂದ ಕೊಬ್ಬರಿ ಮಿಠಾಯಿ ತೆಗೆದು ಕೊಟ್ಟೆ. ಆಮೇಲೆ ನಾನೂ ಮಾತಾಡಿದೆ. ಮೊದಲು ಬಾಣಲೆ ಇಟ್ಟ ದಿನಗಳಲ್ಲಿ ತಿಪಟೂರಿನ ಅಂಗಡಿಯವರು ಡಬ್ಬವನ್ನು ತೆಗೆದೂ ನೋಡದೆ ವಾಪಸ್ಸು ಕಳಿಸಿದ್ದು, ಬಸ್ಸಿನಲ್ಲಿ ಕೂತು ಬರುವಾಗ ಮನೆಯವರಿಗೆ ಏನು ಹೇಳುವುದು ಅಂತ ಅನ್ನಿಸಿದ್ದು. "ನಂಗೊತ್ತು" ಅಂದರು ಮಾವ. "ಆ ಡಬ್ಬದ ಚಕ್ಕುಲೀನ ನಾನು ಆಫೀಸಿನೋರಿಗೆಲ್ಲ ಹಂಚ್ದೆ. ಅವರೇ ಮುಂದೆ ಕೊಂಡ್ಕೊಳ್ಳೋಕೆ ಬಂದಿದ್ದು." ಇಷ್ಟು ವರ್ಷ ನನಗೆ ಈ ಸಂಗತಿ ಗೊತ್ತಿರಲಿಲ್ಲ. ಬಸ್ಸು ಬರುವವರೆಗೂ ಮಾತಾಡುತ್ತಾ ಕೂತಿದ್ದೆವು.

ಊರಿಗೆ ಬಂದಾಗ ನಾದಿನಿ ಅಣ್ಣನ ಸೇವೆ ಮಾಡಿ ಸುಸ್ತಾಗಿ ಕಾಯುತ್ತಿದ್ದಳು. ಬ್ಯಾಗು ಇಳಿಸುವ ಮೊದಲೇ ಕೇಳಿದಳು, "ದುಡ್ಡು ಸುರಿದಿದ್ದಕ್ಕೆ ಸರಿಯಾಯ್ತಾ ಅತ್ತಿಗೆ?" ರೈಲಿನ ದಿನದ ಕಥೆಯನ್ನೂ ಬಂಡೆಯ ಮೇಲೆ ಕೂತದ್ದನ್ನೂ ಮಾವನೇ ಆಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದರಿಂದ ಅವಳಿಗೆ ಗೆದ್ದಂತಾಗಿತ್ತು.

"ಸರಿಯಾಯ್ತು" ಅಂದೆ.

"ಮೋಡ ನೋಡೋಕೆ ಅಷ್ಟು ದೂರ? ನೀವು ಚೆನ್ನಾಗಿತ್ತು ಅಂತಿರೋದೆಲ್ಲ ಬಂಡೆ ಮೇಲೆ ಕೂತು ಮಾತಾಡಿದ್ದು. ಅದಕ್ಕೆ ನಮ್ಮ ಜಗಲಿ ಸಾಲ್ದಾ?"

ಈ ಮಾತನ್ನು ಆಮೇಲೆ ಬೇರೆಯವರೂ ಕೇಳಿದ್ದಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಜಗಲಿ ಅಷ್ಟು ವರ್ಷ ಅಲ್ಲೇ ಇತ್ತು. ನಾನೂ ಇದ್ದೆ, ಮಾವನೂ ಇದ್ದರು. ಮಾತು ಬರಲಿಲ್ಲ. ಜಗಲಿಯಲ್ಲಿ ನಾನು ಸೊಸೆ, ಅವರು ಮಾವ, ಒಲೆಯ ಮೇಲೆ ಏನಾದರೂ ಒಂದು ಉಕ್ಕುತ್ತಿರುತ್ತದೆ. ಇಬ್ಬರಿಗೂ ಬೇರೆ ಯಾರೂ ಗೊತ್ತಿಲ್ಲದ, ಮಾಡಲು ಒಂದು ಕೆಲಸವೂ ಇಲ್ಲದ ಜಾಗ ನಮಗೆ ಬೇಕಾಗಿತ್ತು. ಆ ಗಡ್ಡೆಯನ್ನು ನೋಡದಿದ್ದರೆ ಗೇಟಿನ ಮಾತೂ ಬರುತ್ತಿರಲಿಲ್ಲ. ಹಾಗಂತ ಅಲ್ಲಿ ಕೊಟ್ಟದ್ದೆಲ್ಲ ಸಾರ್ಥಕ ಅಂತ ನಾನು ಹೇಳುವುದಿಲ್ಲ. ಫೋಟೋ ತೆಗೆದು ಚೌಕಟ್ಟು ಹಾಕಿ ಕೊಡುವವನಿಗೆ ಕೊಟ್ಟದ್ದು ದಂಡ. ಸರೋವರದ ದಂಡೆಯ ದೊಡ್ಡ ಹೋಟೆಲಿನಲ್ಲಿ ತಿಂದ ಕೇಕೂ ದಂಡ, ನನ್ನ ಮಿಠಾಯಿ ಅದಕ್ಕಿಂತ ಚೆನ್ನಾಗಿರುತ್ತದೆ. ಮೋಡದ ದಿನ ದಂಡವಲ್ಲ, ಅದಿಲ್ಲದಿದ್ದರೆ ನಾವು ಹಳದಿ ಬಸ್ಸು ಹತ್ತುತ್ತಿರಲಿಲ್ಲ. ಮುಂದೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ದುಬಾರಿ ಅಂತ ಗೊತ್ತಿದ್ದು ಹೋಗಿ, ಹೋದ ಮೇಲೆ ಲೆಕ್ಕ ಬಿಡಿ, ಪೇಟೆಗೆ ಹೋಗುವ ದಿನವನ್ನು ನಿಮಗೆ ಅಂತ ಇಟ್ಟುಕೊಳ್ಳಿ.

ಗೇಟಿನ ಕಥೆಯನ್ನು ಯಜಮಾನರಿಗೆ ಹೇಳಿದೆ. ಅವರು ಕೋಲೂರಿಕೊಂಡು ಓಡಾಡುತ್ತಿದ್ದ ಕಾಲ. "ನಂಗೆ ಯಾವತ್ತೂ ಹೇಳಲಿಲ್ವಲ್ಲ ಅಪ್ಪ" ಅಂದರು. ಅವರಿಗೆ ಬೇಜಾರಾಗಿತ್ತು. ಕಾಲು ಪೂರ್ತಿ ವಾಸಿಯಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ತಾವೇ ಕಾರು ತೆಗೆದು, "ಬಾಪ್ಪ, ಬೋರನಕಣಿವೆಗೆ ಹೋಗಿ ಬರೋಣ" ಅಂದರು. ಮಾವ ಯಾಕೆ ಅಂತ ಕೇಳದೆ ಚಪ್ಪಲಿ ಹಾಕಿಕೊಂಡರು. ನಾನೂ ಹಿಂದಿನ ಸೀಟಿನಲ್ಲಿ ಕೂತೆ.

ಕೆರೆಯಲ್ಲಿ ನೀರು ಅರ್ಧಕ್ಕಿಂತ ಮೇಲಿತ್ತು, ಗಾಳಿಗೆ ಸಣ್ಣಗೆ ಅಲೆ ಏಳುತ್ತಿತ್ತು. ಅಪ್ಪ ಮಗ ಏರಿಯ ಮೇಲೆ ಮುಂದೆ ನಡೆದರು. ತೂಬಿನ ಹತ್ತಿರ ನಿಂತು ಮಾವ ಎರಡೂ ಕೈಯಿಂದ ಚಕ್ರ ತಿರುಗಿಸುವ ಹಾಗೆ ಮಾಡಿ ಏನೋ ತೋರಿಸುತ್ತಿದ್ದರು, ಯಜಮಾನರು ಬಗ್ಗಿ ನೋಡಿ ಏನೋ ಕೇಳುತ್ತಿದ್ದರು. ಬಿಸಿಲು ಏರುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ. ನಾನು ಹೊಂಗೆ ಮರದ ನೆರಳಲ್ಲಿ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಿದ್ದೆ. ಕರೆಯಲು ಹೋಗಲಿಲ್ಲ.