ಅವನು ಕಂಡ ಅವ್ವ

ನಮ್ಮ ಬೀದಿಯ ಇಸ್ತ್ರಿ ಗಾಡಿಯವರು ಮೊನ್ನೆ ಪೆಟ್ಟಿಗೆಗೆ ತೆಂಗಿನ ಕರಟದ ಇದ್ದಿಲು ತುಂಬಿ ಬೀಸುತ್ತಿದ್ದರು. ಆ ವಾಸನೆ ಬಡಿದದ್ದೇ, ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ನೆನಪಾದ. ಅವನು ಚಿತ್ರ ಬರೆಯುತ್ತಿದ್ದುದು ಕರಟದ ಇದ್ದಿಲಿನಲ್ಲಿ. ಅಥವಾ ಪೆನ್ಸಿಲಿನಲ್ಲೇ ಇದ್ದೀತು... ವಾಸನೆ ಹೇಳಿದ್ದನ್ನೆಲ್ಲ ಸಾಕ್ಷಿ ಎಂದು ಒಪ್ಪುವವನಲ್ಲ ನಾನು.

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ತುರುವೇಕೆರೆಯಲ್ಲಿ, ಸ್ಕೂಲಿನ ಹಿಂದೆಯೇ ಇತ್ತು. ಅವನು ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದ. ಮಧ್ಯಾಹ್ನದ ಊಟ ನಮ್ಮಲ್ಲೇ. ಅವ್ವ ಇಬ್ಬರಿಗೂ ಮುದ್ದೆ ಇಕ್ಕುತ್ತಿದ್ದಳು. ಅವನು ಉಣ್ಣುತ್ತ ಅವ್ವನ ಜೊತೆ ಹರಟುತ್ತಿದ್ದ. ನಾನು ತಟ್ಟೆಯ ಪಕ್ಕದಲ್ಲಿ ಅವನ ಚಿತ್ರ ಹರಡಿಕೊಂಡು ಕೂತಿರುತ್ತಿದ್ದೆ.

ಅವನು ನಾಲ್ಕು ಗೆರೆ ಎಳೆದರೆ ಎತ್ತು ಎದ್ದು ನಿಲ್ಲುತ್ತಿತ್ತು. ನಾನು ಬರೆದ ಎತ್ತನ್ನು ಡ್ರಾಯಿಂಗ್ ಮೇಷ್ಟ್ರು ಎತ್ತಿ ಹಿಡಿದು, "ಇದಕ್ಕೆ ಹುಲ್ಲು ಹಾಕ್ಬೇಕೋ, ಇದರ ಮೇಲೆ ಬಟ್ಟೆ ಒಣಗಾಕ್ಬೇಕೋ ನೀನೇ ಹೇಳಪ್ಪ" ಅಂದಿದ್ದರು. ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ.

ಅಂದಿನಿಂದ ಹೊಟ್ಟೆಕಿಚ್ಚು ನನ್ನನ್ನು ಕೂರಗೊಡಲಿಲ್ಲ. ತೆಳು ಹಾಳೆಗೆ ಕೊಬ್ಬರಿ ಎಣ್ಣೆ ಸವರಿದರೆ ಕೆಳಗಿನದು ಕಾಣುತ್ತದೆ. ಅವನ ಚಿತ್ರಗಳ ಮೇಲೆ ಅಂಥ ಹಾಳೆ ಇಟ್ಟು ಗೆರೆ ಗೆರೆಯನ್ನೂ ತಿದ್ದಿದೆ.

"ತಲೆಗೆ ಇಡೋ ಎಣ್ಣೆನೆಲ್ಲ ಹಾಳೆಗೆ ಕುಡಿಸ್ತೀಯಲ್ಲೋ," ಅನ್ನುತ್ತಿದ್ದಳು ಅವ್ವ. "ಒಸಿ ಮುಖ ಎತ್ತೋ."

ಹೂಂ ಅನ್ನುತ್ತಿದ್ದೆ. ಮರುವರ್ಷದ ಹೊತ್ತಿಗೆ, ಯಾವ ಚಿತ್ರ ಯಾರದೆಂದು ಮೇಷ್ಟ್ರೇ ಕೇಳುವಂತಾಯಿತು. ಅಷ್ಟು ಸಂತೋಷ ಮತ್ತೆ ಯಾವತ್ತೂ ಪಟ್ಟಿಲ್ಲ.

ಆ ಬೇಸಿಗೆಯಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ಅವಳದೊಂದು ಫೋಟೊ ಇರಲಿಲ್ಲ. ಶಿವಗಣಾರಾಧನೆಯ ದಿನ ಹಾರ ಹಾಕಲು ಒಂದು ಪಟವಾದರೂ ಬೇಕಿತ್ತಲ್ಲ ಎಂದು ಅಪ್ಪ ಕೂತಲ್ಲೇ ಹಲುಬುತ್ತಿದ್ದರು.

"ನಾನು ಬರೀತೀನಿ" ಅಂದೆ.

ಮೂಗಿನ ಕೆಳಗೆ ನೆರಳು ಎಷ್ಟಿರಬೇಕು, ಸೆರಗಿನ ಮಡಿಕೆ ಎತ್ತ ತಿರುಗಬೇಕು, ಎಲ್ಲ ಕೈಗೆ ಗೊತ್ತಿತ್ತು. ಮುಖ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಮುದ್ದೆ ಇಕ್ಕುವ ಕೈ, ಗಾಜಿನ ಬಳೆ, ಸೀರೆಯ ಅಂಚು... ಅದರಿಂದ ಮೇಲಕ್ಕೆ ಏನೂ ಇರಲಿಲ್ಲ. ಬರೆದೆ, ಹರಿದೆ, ಹಣೆ ಚಚ್ಚಿಕೊಂಡೆ, ಮತ್ತೆ ಬರೆದೆ. ಕೊನೆಗೆ ಒಂದನ್ನು ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ.

"ಬಲ್ ಚೆನ್ನಾಗೈತೆ ಕಣಪ್ಪ," ಅಂದರು. "ಯಾರಿದು?"

ಅಪ್ಪ ದಬ್ಬೇಘಟ್ಟಕ್ಕೆ ಹೇಳಿಕಳಿಸಿದರು. ಅವನು ಬಂದು ನಮ್ಮ ಜಗಲಿಯಲ್ಲಿ ಕೂತು ಒಂದೇ ಹಾಳೆಯಲ್ಲಿ ಮುಗಿಸಿದ. ನೋಡಿದ ಅಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಹಾಳೆಯಲ್ಲಿ ಅವ್ವ ನಗುತ್ತಿದ್ದಳು.

"ನಮ್ಮವ್ವ ಹಿಂಗೆ ನಗ್ತಿರ್ಲಿಲ್ಲ ಕಣ್ಲಾ," ಅಂದೆ.

"ನಗೋರು ಕಣ್ಲಾ. ನಂಗೆ ಮುದ್ದೆ ಇಕ್ಕುವಾಗ ದಿನಾ ಹಿಂಗೇ ನಗೋರು. ನೀನೆಲ್ಲಿ ನೋಡ್ದೆ? ನನ್ ಹಾಳೆ ನೋಡ್ಕೊಂಡ್ ಕೂತಿರ್ತಿದ್ದೆ."

ಆ ಕೊನೆಯ ಮಾತನ್ನು ಅವನು ನಿಜಕ್ಕೂ ಆಡಿದನೋ, ಇಷ್ಟು ವರ್ಷಗಳಲ್ಲಿ ನಾನೇ ಅವನ ಬಾಯಿಗೆ ಹಾಕಿದೆನೋ... ಪುರಾವೆ ಇಲ್ಲದೆ ಏನನ್ನೂ ನಂಬಬಾರದೆಂದು ಯೂನಿವರ್ಸಿಟಿಯಲ್ಲಿ ಕಲಿತು ಬಂದೆ. ಇದಕ್ಕೆ ಸಾಕ್ಷಿ ಹೇಳಬಹುದಾಗಿದ್ದವರು ಅವನು, ಅಪ್ಪ ಇಬ್ಬರೇ. ಅವನು ಹೋಗಿಯೂ ಎಷ್ಟೋ ಕಾಲವಾಯಿತು. ಅಪ್ಪನೂ ಇಲ್ಲ.

ಆ ಪಟ ಈಗ ನನ್ನ ಮನೆಯ ಗೋಡೆಯಲ್ಲಿದೆ. ಅವ್ವನನ್ನು ನೆನೆಯಲು ಹೊರಟರೆ ಬರುವುದು ಅದೇ ಮುಖ. ಇನ್ನೊಂದು ನನ್ನಲ್ಲಿಲ್ಲ. ಆ ನಗುವಿಲ್ಲದ ಅವ್ವನನ್ನು, ನನ್ನ ಅವ್ವನನ್ನು, ಒಂದು ಸಲವಾದರೂ ಬರೆಯಬೇಕೆಂದು ಈಗಲೂ ಪೆನ್ಸಿಲ್ ಹಿಡಿದು ಕೂರುತ್ತೇನೆ. ಕೈ ಅವನ ಗೆರೆಯನ್ನೇ ಎಳೆಯುತ್ತದೆ.

ಮನೆಗೆ ಬಂದವರು ಪಟದ ಮುಂದೆ ನಿಂತು, "ನಿಮ್ಮ ತಾಯಿಯವರಾ? ಮಗನನ್ನ ನೋಡಿಕೊಂಡು ನಗ್ತಿದ್ದಾರೆ ಅಲ್ವಾ?" ಎಂದು ಕೇಳುತ್ತಾರೆ.

ಹೌದು ಅನ್ನುತ್ತೇನೆ.