ಪತ್ರೊಡೆಗೆ ಕೊಯ್ದ ಎಲೆ

ನನ್ನ ಸೊಸೆ ವಕೀಲೆ. ಕಳ್ಳರ ಪರ, ಕೊಲೆಗಾರರ ಪರ ನಿಲ್ಲುವವಳಲ್ಲ. ಮರ, ನೀರು, ಹೊಗೆ, ಕೊಳಚೆ ಇವುಗಳ ಕಾನೂನು ಅವಳದು. ಮೊದಲು ಕೇಳಿದಾಗ ಮರದ ಪರ ವಾದಿಸುತ್ತಾಳೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಮರ ಕಡಿಯಬೇಕಾದವರು ಯಾವ ಕಾಗದ ಕೊಟ್ಟರೆ ಕಡಿಯಬಹುದು ಎಂದು ಹೇಳಿಕೊಡುವುದು ಅವಳ ಕೆಲಸ. ಆಫೀಸು ಬೆಲ್ವ್ಯೂವಿನ ಗಾಜಿನ ಕಟ್ಟಡದಲ್ಲಿ. ಕೆಲವು ದಿನ ಮಾತ್ರ ಸಮಾಮಿಶ್‌ನ ಮನೆಯಲ್ಲೇ, ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಮಾತಾಡುತ್ತಾಳೆ. ನಾನು ಬೀನ್ಸ್ ಹೆಚ್ಚುತ್ತ ಕೇಳುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಮಗನ ಮನೆಗೆಂದು ಊರಿನಿಂದ ಇಲ್ಲಿಗೆ ಬಂದ ನನಗೆ ಈ ದೇಶದ ಕಾನೂನು ಗೊತ್ತಾದದ್ದು ಹಾಗೆ. ಅರ್ಥವಾಗದ್ದನ್ನು ಕೇಳಿದರೆ ಹೇಳುತ್ತಾಳೆ, ಆ ಗುಣ ಅವಳಿಗುಂಟು.

ಆಗ ಅವಳ ಕೈಯಲ್ಲಿದ್ದದ್ದು ಇಸ್ಸಾಕ್ವಾದ ಕಡೆ ಗುಡ್ಡದ ಬುಡದ ಒಂದು ಜಾಗದ ಕೇಸು. ಒಬ್ಬ ಬಿಲ್ಡರ್ ಅಲ್ಲಿ ಸಾಲುಮನೆ ಕಟ್ಟಬೇಕೆಂದಿದ್ದ. ಜಾಗ ಜೌಗು ಎಂದಾದರೆ ಕಟ್ಟುವ ಹಾಗಿಲ್ಲ, ಒಣನೆಲ ಎಂದಾದರೆ ಕಟ್ಟಬಹುದು. ಈ ಕೇಸು ಗೆದ್ದರೆ ಸೊಸೆಯನ್ನು ಆಫೀಸಿನ ಪಾಲುದಾರಳನ್ನಾಗಿ ಮಾಡುತ್ತೇವೆ ಎಂದು ದೊಡ್ಡವರು ಮಾತು ಕೊಟ್ಟಿದ್ದರು. ಅದಕ್ಕಾಗಿ ಅವಳು ವರ್ಷಗಟ್ಟಲೆ ಕತ್ತೆಯ ಹಾಗೆ ದುಡಿದಿದ್ದಾಳೆ. ನಾನು ಕಣ್ಣಾರೆ ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ.

"ಮೊದಲು ತುಂಬಾ ಕಷ್ಟ ಇತ್ತು ಅತ್ತೆ," ಎಂದಿದ್ದಳು ಒಂದು ದಿನ ಖುಷಿಯಲ್ಲಿ. "ಈಗ ದೇಶದ ದೊಡ್ಡ ಕೋರ್ಟೇ ಹೇಳಿಬಿಟ್ಟಿದೆ. ಬರೀ ಕೆಸರಿದ್ರೆ ಸಾಲ್ದು, ಅದರ ನೀರು ಮೇಲ್ಗಡೆನೇ ಹರಿದು ಹೊಳೆಗೋ ಕೆರೆಗೋ ಸೇರಬೇಕು. ಇಲ್ಲಾಂದ್ರೆ ಫೆಡರಲ್‌ನವರು, ಅಂದ್ರೆ ಕೇಂದ್ರ ಸರ್ಕಾರದವರು, ಕೇಳೋ ಹಾಗಿಲ್ಲ."

"ಮಣ್ಣಿನ ಅಡಿಯಿಂದ ಹೋಗುವ ನೀರು?"

"ಅದು ಲೆಕ್ಕಕ್ಕಿಲ್ಲ."

"ಹಾಗಾದ್ರೆ ನಮ್ಮ ಬಾವಿಗೆ ನೀರು ಎಲ್ಲಿಂದ ಬರ್ತಿತ್ತು ಮಾರಾಯ್ತಿ? ಕೋರ್ಟಿನಿಂದವಾ?"

"ಅಯ್ಯೋ ಅತ್ತೆ, ನಾನು ಕಾನೂನು ಹೇಳ್ತಿದೀನಿ, ಬಾವಿ ಅಲ್ಲ."

ಆದರೆ ರಾಜ್ಯದ ಕಾನೂನು, ಸಿಟಿಯ ಕಾನೂನು ಇನ್ನೂ ಗಟ್ಟಿಯಾಗಿಯೇ ಉಂಟಂತೆ. ಅವಕ್ಕೆ ಕೆಸರು ಎಂದರೆ ಕೆಸರೇ. ಅದಕ್ಕೆ ಬಿಲ್ಡರ್ ಒಬ್ಬ ಪರಿಣತನನ್ನು ಕಳಿಸಿ ವರದಿ ಬರೆಸಿದ್ದ. ಆ ಮಹಾಶಯ ಜಾಗಕ್ಕೆ ಹೋದದ್ದು ಬೇಸಿಗೆ ಮುಗಿಯುವ ಹೊತ್ತಿಗೆ, ಇಲ್ಲಿ ಹುಲ್ಲೂ ಒಣಗಿ ಹೊಂಬಣ್ಣಕ್ಕೆ ತಿರುಗುವ ಕಾಲಕ್ಕೆ. ನೀರಿಲ್ಲ, ನೀರಿನ ಗಿಡವೂ ಇಲ್ಲ ಎಂದು ಬರೆದುಕೊಟ್ಟ. ಸೊಸೆಯ ಕೇಸು ನಿಂತದ್ದು ಆ ವರದಿಯ ಮೇಲೆ.

ಮೇ ತಿಂಗಳ ಒಂದು ಭಾನುವಾರ ಅವಳೂ ನಾನೂ ಇಂಡಿಯನ್ ಅಂಗಡಿಗೆ ಹೋಗಿ ಬರುವಾಗ ಅವಳು ಕಾರು ಆ ಜಾಗದ ಕಡೆ ತಿರುಗಿಸಿದಳು. ಬಿಲ್ಡರ್‌ನ ಮನುಷ್ಯ ಒಬ್ಬ ಗೇಟಿನ ಹತ್ತಿರ ಕಾಯುತ್ತಿದ್ದ. ಅವರಿಬ್ಬರೂ ಕಾರಿನ ಮೂತಿಯ ಮೇಲೆ ನಕ್ಷೆ ಹರಡಿ ಮಾತಿಗೆ ನಿಂತರು. ನನಗೆ ಕಾಲು ಜೋಮು ಹಿಡಿದಿತ್ತು. ಇಳಿದು ಗೇಟು ದಾಟಿ ಮರಗಳ ನಡುವೆ ತಗ್ಗಿಗೆ ಹೋದೆ. ಅಲ್ಲಿ ನೋಡುತ್ತೇನೆ, ಕೆಸುವಿನ ಎಲೆ! ಒಂದೊಂದೂ ಬಾಳೆಲೆಯ ತುಂಡಿನಷ್ಟು ಅಗಲ, ಹಸಿರು ಹೊಳೆಯುತ್ತಿತ್ತು. ಎಲೆಯ ಆಕಾರ ಸ್ವಲ್ಪ ಬೇರೆ ಕಂಡಿತು. ದೇಶ ಬೇರೆ, ಎಲೆಯೂ ಬೇರೆ ಎಂದುಕೊಂಡೆ. ವ್ಯಾನಿಟಿ ಬ್ಯಾಗಿನಲ್ಲಿದ್ದ ಹಣ್ಣಿನ ಚಾಕುವಿನಿಂದ ಪತ್ರೊಡೆಗೆಂದು ಒಂದು ಹೊರೆ ಕೊಯ್ದೆ. ಚಪ್ಪಲಿ ಕೆಸರಿನಲ್ಲಿ ಹೂತು, ಎಳೆದರೆ ನೀರು ಬಳಕ್ಕೆಂದು ಒಳಗೆ ನುಗ್ಗಿತು. ಎಲೆ ನಾರುತ್ತಿತ್ತು. ಈ ದೇಶದ ಮೂಲಂಗಿಗೆ ವಾಸನೆಯೇ ಇಲ್ಲ, ಕೆಸುವಿಗಾದರೂ ಇದೆಯಲ್ಲ ಎಂದು ಚೀಲಕ್ಕೆ ತುಂಬಿ, ಕಾರಿನ ಹಿಂದಿನ ಡಿಕ್ಕಿಯಲ್ಲಿ ಅಕ್ಕಿಮೂಟೆಯ ಪಕ್ಕ ಇಟ್ಟೆ. ದಾರಿಯುದ್ದಕ್ಕೂ ಸೊಸೆ ಕಿಟಕಿ ಇಳಿಸಿಕೊಂಡೇ ಬಂದಳು. ನನ್ನನ್ನು ಏನೂ ಕೇಳಲಿಲ್ಲ. ನಾರುವುದು ಮುದುಕಿಯೇ ಎಂದು ಸುಮ್ಮನಿದ್ದಿರಬೇಕು.

ಮರುದಿನ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ನಾನು ಅಕ್ಕಿ, ಮೆಣಸು, ಕೊತ್ತಂಬರಿ ರುಬ್ಬಿ, ತುರಿಕೆ ಹೋಗಲೆಂದು ಹುಣಿಸೆಹುಳಿ ಜಾಸ್ತಿಯೇ ಹಾಕಿ, ಎಲೆಗೆ ಸವರಿ ಸುತ್ತಿ ಬೇಯಿಸಿದೆ. ಇಳಿಸಿ ಒಂದು ಚೂರು ಬಾಯಿಗೆ ಹಾಕಿದೆನೋ ಇಲ್ಲವೋ, ನಾಲಿಗೆಗೆ ಸೂಜಿ ಚುಚ್ಚಿದ ಹಾಗಾಯಿತು. ಉಗುಳಿ, ಬಾಯಿ ತೊಳೆದು, ಮೊಸರು ಮುಕ್ಕಳಿಸುತ್ತಿದ್ದೆ. ಸೊಸೆ ಮೂಗು ಮುಚ್ಚಿಕೊಂಡು ಒಳಗೆ ಬಂದಳು.

"ಏನತ್ತೆ ಇದು, ಹೆಗ್ಗಣ ಸತ್ತಂಗೆ!" ಎಂದವಳು ಸಿಂಕಿನಲ್ಲಿ ಉಳಿದಿದ್ದ ಎಲೆಯೊಂದನ್ನು ಎತ್ತಿದಳು. "ಇದು ಎಲ್ಲಿದು?"

"ನಿನ್ನ ಆ ಜಾಗದ್ದೇ. ಕೆಸು ಅಂತ ತಂದೆ, ಹಾಳಾದ್ದು."

ಅವಳು ಅಲ್ಲೇ ಕುರ್ಚಿ ಎಳೆದು ಕೂತಳು. ಅದು ಕೆಸು ಅಲ್ಲವಂತೆ. ಇಲ್ಲಿಯ ಜೌಗಿನ ಗಿಡವಂತೆ, ಒಣನೆಲದಲ್ಲಿ ಬದುಕುವುದೇ ಇಲ್ಲವಂತೆ. ಬೇಸಿಗೆ ಮುಗಿಯುವಾಗ ಎಲೆ ಕೊಳೆತು ಮಣ್ಣಾಗುತ್ತದೆ, ಹುಡುಕಿದರೂ ಸಿಗುವುದಿಲ್ಲವಂತೆ. ಇಷ್ಟನ್ನೂ ನನಗೆ ಹೇಳಿಕೊಟ್ಟವಳು ಅವಳೇ. ಎಲ್ಲ ಗೊತ್ತುಂಟು ಅವಳಿಗೆ. ಆ ಪರಿಣತನಿಗೂ ಗೊತ್ತಿಲ್ಲದೆ ಇರುತ್ತದೆಯೇ?

"ಆ ಜಾಗದಲ್ಲಿ ಇದು ಇದೆ ಅಂತ ಇವತ್ತಿನವರೆಗೂ ನನಗೆ ಗೊತ್ತಿರಲಿಲ್ಲ," ಎಂದಳು. "ಗೊತ್ತಿಲ್ದೆ ಆ ರಿಪೋರ್ಟ್ ಸಿಟಿಗೆ ಕೊಟ್ರೆ ತಪ್ಪಿಲ್ಲ. ಈಗ ಗೊತ್ತಿದ್ದೂ ಕೊಟ್ರೆ ನನ್ನ ಲೈಸೆನ್ಸ್ ಹೋಗುತ್ತೆ."

"ಹಾಗಾದ್ರೆ ಅಲ್ಲಿ ಕೆಸರುಂಟು ಅಂತ ಹೇಳಿಬಿಡು."

"ಕ್ಲೈಂಟ್ ವಿಷಯ ಹೊರಗೆ ಬಾಯಿ ಬಿಡೋ ಹಾಗಿಲ್ಲ ಅತ್ತೆ."

"ಸುಳ್ಳೂ ಹೇಳ್ಬಾರ್ದು, ನಿಜವೂ ಹೇಳ್ಬಾರ್ದು. ಮತ್ತೆ ನಿಂಗೆ ಸಂಬಳ ಕೊಡುವುದು ಎಂತಕ್ಕೆ?"

ಅವಳು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ದನಿ ಇಳಿಸಿ, ಮಗುವಿಗೆ ಔಷಧ ಕುಡಿಸುವಾಗ ಮಾತಾಡುವ ಹಾಗೆ ಕೇಳಿದಳು. "ಅತ್ತೆ, ಸರಿಯಾಗಿ ನೆನಪು ಮಾಡ್ಕೊಳ್ಳಿ. ನೀವು ಗೇಟಿನಿಂದ ಒಳಗೆ ಹೋಗಿರಲಿಕ್ಕಿಲ್ಲ. ರಸ್ತೆ ಪಕ್ಕ ಚರಂಡಿ ಇದೆಯಲ್ಲ, ಅಲ್ಲಿಯದ್ದು ಇರಬಹುದು ಅಲ್ವಾ? ಚರಂಡಿಯದ್ದು ಅಂತ ಒಂದು ಸಲ ಹೇಳಿ. ಸಾಕು."

ನನಗೆ ಹೇಸಿಗೆಯಾಯಿತು. ಕಾನೂನಿಗೆ ಹೇಸಿದ್ದಲ್ಲ, ಕಾನೂನು ನನಗೇನು ಗೊತ್ತು! ಚರಂಡಿ ಎಂದಳಲ್ಲ, ಅದಕ್ಕೆ. ಪತ್ರೊಡೆಯ ಎಲೆಯನ್ನು ಎಲ್ಲಿ ಕೊಯ್ಯಬೇಕು ಎಂದು ನನಗೆ ಬುದ್ಧಿ ತಿಳಿದಾಗಿನಿಂದ ಗೊತ್ತು. ದಾರಿಯ ಪಕ್ಕದ್ದು, ಬಚ್ಚಲ ನೀರು ಹರಿಯುವಲ್ಲಿನದು ಎಷ್ಟೇ ಚೆಂದ ಕಂಡರೂ ಮುಟ್ಟುವುದಿಲ್ಲ.

"ಮನೆಯವರು ತಿನ್ನುವ ಎಲೆಯನ್ನು ಚರಂಡಿಯಿಂದ ಕೊಯ್ಯುವವಳಾ ನಾನು? ನಿನ್ನ ಆಫೀಸಿಗೆ ಬೇಕಾದ್ರೆ ನೀನು ಎಂತ ಬೇಕಾದ್ರೂ ಹೇಳು. ನನ್ನ ಬಾಯಲ್ಲಿ ಅದು ಬರುವುದಿಲ್ಲ."

ಸಂಜೆ ಮಗ ಬಂದು, "ಅಮ್ಮ, ಅಂಗಡಿಯಲ್ಲೇ ಕೆಸು ಸಿಗ್ತದಲ್ಲ, ನಿಂಗೆ ಕಾಡಿಗೆ ಹೋಗ್ಬೇಕಿತ್ತಾ?" ಎಂದು ನಗಾಡಿದ. ನಾವಿಬ್ಬರೂ ನಗಲಿಲ್ಲ. ಪತ್ರೊಡೆಯೆಲ್ಲ ಗೊಬ್ಬರದ ತೊಟ್ಟಿಗೆ ಹೋಯಿತು.

ಸೊಸೆ ಬಿಲ್ಡರ್‌ಗೆ, ಎಲೆ ಇರುವ ಕಾಲದಲ್ಲೇ ಇನ್ನೊಮ್ಮೆ ಜಾಗ ನೋಡಿಸಬೇಕು, ಇಲ್ಲದಿದ್ದರೆ ತಾನು ಈ ಕೇಸು ನಡೆಸುವುದಿಲ್ಲ ಎಂದಳು. ಅಷ್ಟು ಮಾಡಿದಳು. ಅವನು ಥ್ಯಾಂಕ್ಸ್ ಹೇಳಿ ಬೇರೆ ವಕೀಲರ ಕಡೆಗೆ ಹೋದ. ಅವರ ಮನೆಯಲ್ಲಿ ಪತ್ರೊಡೆ ಮಾಡುವವರು ಯಾರೂ ಇರಲಿಲ್ಲ, ಹಾಗಾಗಿ ಅವರಿಗೆ ಏನೂ ಗೊತ್ತಿರಲಿಲ್ಲ. ಅದೇ ಒಣ ವರದಿ ಕೊಟ್ಟರು. ಪಾಲುದಾರನ ಕುರ್ಚಿ ಸೊಸೆಯ ಆಫೀಸಿನ ಇನ್ನೊಬ್ಬನಿಗೆ ಹೋಯಿತು.

ಸಿಟಿಯವರು ಜನರ ಮಾತು ಕೇಳುವ ಸಭೆ ಇಟ್ಟಿದ್ದರು. ಯಾರು ಬೇಕಾದರೂ ಎದ್ದು ಮಾತಾಡಬಹುದಂತೆ. ನಾನು ಹೋಗುತ್ತೇನೆ, ಎಲೆ ಕೊಯ್ದದ್ದನ್ನು ಹೇಳುತ್ತೇನೆ ಎಂದೆ. "ನೀವು ಬಾಯಿ ತೆಗೆದ್ರೆ ನಾನೇ ಹೇಳಿಕೊಟ್ಟೆ ಅಂತಾರೆ. ಕೆಲಸನೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ," ಎಂದಳು. ಈ ಸಲ ದನಿ ಇಳಿಸಿರಲಿಲ್ಲ. ನಾನು ಹೋಗಲಿಲ್ಲ. ಅವಳ ಅನ್ನ ಉಣ್ಣುವವಳು ನಾನು. ಅದೂ ಹೇಸಿಗೆಯೇ, ಏನು ಮಾಡುವುದು.

ಈಗಲೂ ಅಂಗಡಿಗೆ ಹೋಗುವ ದಾರಿ ಅದೇ. ಕಳೆದ ವಾರ ಹೋಗುವಾಗ ಆ ತಗ್ಗಿಗೆ ಲಾರಿಗಳು ಜಲ್ಲಿ ಸುರಿಯುತ್ತಿದ್ದವು. ಸುರಿದಲ್ಲೆಲ್ಲ ಕಂದು ನೀರು ಮೇಲೆ ಉಕ್ಕುತ್ತಿತ್ತು. ಸೊಸೆ ಆ ಕಡೆ ಕತ್ತು ತಿರುಗಿಸಿದಳು.

"ನೋಡ್ಬೇಡ ಮಾರಾಯ್ತಿ," ಎಂದೆ. "ನೋಡಿದ್ರೆ ಮತ್ತೆ ನಿಂಗೆ ಗೊತ್ತಾಗ್ತದೆ."

ಅವಳು ನಗಲಿಲ್ಲ. ನಗಲಿ ಎಂದು ನಾನು ಹೇಳಿದ್ದೂ ಅಲ್ಲ.